ಬೇವಿನ ಬುಡದ ಹಾಲು

ಮೊಮ್ಮಕ್ಕಳೇ, ನೀವು ಹಾಲು ಒಲ್ಲೆ ಎಂದು ಲೋಟ ದೂಡಿದಾಗ ನಿಮ್ಮವ್ವ ಗದರುತ್ತಾಳೆ. ನಾನು ಎದ್ದು ಅಂಗಳಕ್ಕೆ ಹೋಗಿಬಿಡುತ್ತೇನೆ. ಆಯಿಯೇ ಮುದ್ದು ಮಾಡಿ ಇವರನ್ನು ಕೆಡಿಸಿದ್ದು ಎಂದು ನಿಮ್ಮವ್ವನ ದೂರು. ಅದು ಮುದ್ದಲ್ಲ, ಅಂಜಿಕೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರಗಳಿವೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಎರಡು ತಿಂಗಳಿಗೆ ನನಗೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ರಾಜೇಶ್ವರದ ರಸ್ತೆಯಿಂದ ಒಳಗೆ ಬಂದರೆ ಊರಿನ ಮೊದಲ ಕಟ್ಟಡವೇ ಅದು, ನೀವು ನೋಡಿದ್ದೀರಿ. ನನ್ನ ಜೊತೆ ಹಿಂದಿನ ಓಣಿಯ ಇನ್ನೊಬ್ಬಾಕೆ ಇದ್ದಳು. ಆಕೆ ನನಗಿಂತ ಹಿರಿಯಳು, ಬಾಯಿ ಜೋರು. ಬೆಳಿಗ್ಗೆ ಮೊದಲ ಕೆಲಸ ಹಾಲು. ಪುಡಿಯ ಪಾಕೀಟು ಒಡೆದು, ಬಿಸಿನೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ಗಂಟಾಗದಂತೆ ಕಲಕಿ, ಸಕ್ಕರೆ ಬೆರೆಸಿ, ಪ್ರಾರ್ಥನೆ ಮುಗಿಯುವುದರೊಳಗೆ ಲೋಟಗಳಿಗೆ ಸುರಿಯಬೇಕು. ಮಕ್ಕಳು ಸಾಲಾಗಿ ಬಂದು ಒಯ್ಯುತ್ತಿದ್ದರು.

ನಾಲ್ಕನೇ ಇಯತ್ತೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪ ಅವ್ವ ಕೂಲಿಯವರು. ಇಬ್ಬರು ಅಕ್ಕಂದಿರು ಶಾಲೆಯ ಮುಖ ನೋಡದೆ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ಆ ಮನೆಯಿಂದ ಶಾಲೆಗೆ ಬಂದವಳು ಇವಳೊಬ್ಬಳೇ. ಲೆಕ್ಕದಲ್ಲಿ ಚುರುಕು. ಹೆಡ್ ಮಾಸ್ತರರಿಗೆ ಅವಳದೇ ಚಿಂತೆ. ಒಂದು ನೆಪ ಸಿಕ್ಕರೆ ಸಾಕು, ಇವಳನ್ನೂ ಶಾಲೆ ಬಿಡಿಸಿ ಹೊಲಕ್ಕೆ ಕಳಿಸುತ್ತಾರೆ ಎಂದು ನಮ್ಮ ಮುಂದೆಯೂ ಹೇಳುತ್ತಿದ್ದರು.

ಒಂದು ಮುಂಜಾನೆ ಅಕ್ಕಿ ತೊಳೆದ ನೀರು ಚೆಲ್ಲಲು ಅಡುಗೆ ಕೋಣೆಯ ಹಿಂದೆ ಹೋದೆ. ಬೇವಿನ ಗಿಡದ ಬುಡದಲ್ಲಿ ಕಪ್ಪು ಮಣ್ಣಿನ ಮೇಲೆ ಹಾಲು ನಿಂತಿತ್ತು. ಇನ್ನೂ ಹಬೆ ಆಡುತ್ತಿತ್ತು.

ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟೆ. ನಿಮ್ಮ ಅಜ್ಜನನ್ನು ಮಣ್ಣು ಮಾಡಿದ ಮೂರನೇ ದಿನ ಹಾಲು ತುಪ್ಪ ಬಿಡಲು ನನ್ನನ್ನೂ ಕರೆದೊಯ್ದಿದ್ದರು. ನಮ್ಮ ಎರೆಮಣ್ಣು ಹಾಲನ್ನು ತಟ್ಟನೆ ಕುಡಿಯುವುದಿಲ್ಲ. ಬೆಳ್ಳಗೆ ನಿಂತು, ನಿಂತು, ಆಮೇಲೆ ಒಳಗೆ ಇಳಿಯುತ್ತದೆ. ಬದುಕಿದವರ ಹಾಲು ಹೊಟ್ಟೆಗೆ, ಹೋದವರ ಹಾಲು ಮಣ್ಣಿಗೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಮಗು ತನ್ನ ಪಾಲಿನ ಹಾಲನ್ನು ಮಣ್ಣಿಗೆ ಬಿಟ್ಟರೆ ಏನಾದೀತು? ಈಗ ನಿಮಗೆ ನಗು ಬರಬಹುದು. ಅಂದು ನನಗೆ ಆ ಬೇವಿನ ಬುಡ ಸಮಾಧಿಯ ಹಾಗೇ ಕಂಡಿತು.

ಮರುದಿನ ಕಾದು ನಿಂತೆ. ಲೋಟ ಹಿಡಿದು ಹಿಂದಕ್ಕೆ ಬಂದವಳು ಅವಳೇ. ಅವಳು ಹೆದರಲಿಲ್ಲ, ಮೆಲ್ಲಗೆ ಹೇಳಿದಳು.

"ಒಲ್ಲೆನ್ರಿ ಆಯಿ. ಕುಡದ್ರ ಹೊಟ್ಟಿ ತಿರುವ್ತದ. ಅವ್ವ ಕುಡಿಬ್ಯಾಡ ಅಂದಾಳ."

ಮನೆಯಲ್ಲಿ ಹಾಲು ಕಾಣದ ಕೂಸು, ರೂಢಿಯಿಲ್ಲ, ನಾಲ್ಕು ದಿನ ಕುಡಿದರೆ ಆದೀತು ಎಂದುಕೊಂಡೆ. "ನನ್ನ ಮುಂದ ಕುಡಿ," ಎಂದೆ.

ಕುಡಿದಳು. ಎರಡನೇ ದಿನವೂ, ಮೂರನೇ ದಿನವೂ ನಾನು ಎದುರಿಗೆ ನಿಂತೇ ಕುಡಿಸಿದೆ. ಲೋಟ ಬಗ್ಗಿಸಿ ತಳ ನೋಡುತ್ತಿದ್ದೆ. ಜೊತೆಯಾಕೆ ನಕ್ಕು, ನಿನ್ನ ಕೈಯಾಗ ಸೌಟು ಕೊಟ್ಟವ್ರು ಪೊಲೀಸ್ ಟೊಪ್ಪಿಗಿ ಕೊಡೋದು ಮರ್ತಾರ ನೋಡು ಎಂದಳು. ಯಾರಿಗೂ ಬಲವಂತ ಮಾಡಬಾರದು ಎಂದು ಮಾಸ್ತರರು ಮೊದಲೇ ಹೇಳಿದ್ದರು. ಅವರಿಗೆ ಗೊತ್ತಾಗದಂತೆ ನೋಡಿಕೊಂಡೆ. ಯಾರ ಮುಂದೆಯೂ ತಲೆ ಎತ್ತಿ ಮಾತಾಡದ ನಾನು ಒಂಬತ್ತು ವರ್ಷದ ಕೂಸಿನ ಮುಂದೆ ಮಾತ್ರ ಗಟ್ಟಿಯಾಗಿದ್ದೆ.

ನಾಲ್ಕನೇ ದಿನ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಅವಳ ಹೊಟ್ಟೆ ತಡೆಯಲಿಲ್ಲ. ಎಲ್ಲರ ಎದುರಿಗೆ ಲಂಗ ಕೆಟ್ಟಿತು. ಹುಡುಗರು ಮೂಗು ಮುಚ್ಚಿಕೊಂಡು "ಹಾಲು ಬಂತು, ಹಾಲು ಬಂತು" ಎಂದು ನಕ್ಕ ಸದ್ದು ಅಡುಗೆ ಕೋಣೆಗೂ ಕೇಳಿಸಿತು. ಬ್ಯಾಳಿ ಹಸನು ಮಾಡುತ್ತ ಕೂತವಳು ತಲೆ ಎತ್ತಿದೆ. ಅವಳು ಪಾಟಿಚೀಲವನ್ನು ಬೆನ್ನ ಕೆಳಗೆ ಒತ್ತಿ ಹಿಡಿದು ಬಯಲು ದಾಟುತ್ತಿದ್ದಳು. ಓಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಕ್ಕಂದಿರ ಜೊತೆ ಹೊಲಕ್ಕೆ ಹೋಗುತ್ತಿದ್ದಾಳೆಂದು ಸುದ್ದಿ ಬಂತು. ಸಿಗಬಾರದ ನೆಪ ಸಿಕ್ಕಿತ್ತು. ಕೊಟ್ಟವಳು ನಾನು.

ಆ ಸಂಜೆ ಅವರ ಮನೆಗೆ ಹೋದೆ. ಅವಳ ಅವ್ವ ಬಾಗಿಲಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಹಾಲು ಆಕಿಗಿ ಸಣ್ಣಾಕಿ ಇದ್ದಾಗಿಂದ ಆಗಲ್ರಿ," ಎಂದಳು. "ಹೇಳಂತ ಕಳಿಸಿದ್ದೆ. ನಿಮಗ ಹೇಳಲಿಲ್ಲೇನ್ರಿ?"

ಹುಡುಗಿ ಒಳಗೆ ಗೋಡೆಗೆ ಆತು ಕೂತು ನನ್ನನ್ನೇ ನೋಡುತ್ತಿದ್ದಳು.

"ಹೇಳ್ಯಾಳ. ನಾನೇ ಕೇಳಲಿಲ್ಲ," ಎಂದೆ.

ಮರುದಿನ ಮಾಸ್ತರರಿಗೂ ಎಲ್ಲ ಒಪ್ಪಿಸಿದೆ. ಅವರು ಹುಮನಾಬಾದಿನಲ್ಲಿ ತಮಗೆ ಪರಿಚಯದ ಡಾಕ್ಟರಮ್ಮನಿಗೆ ಫೋನು ಹಚ್ಚಿದರು. ಕೆಲವರ ಹೊಟ್ಟೆಗೆ ಹಾಲು ಅರಗುವುದಿಲ್ಲ, ಅದು ಹಟವಲ್ಲ, ರೂಢಿ ಮಾಡಿಸಿದರೆ ಹೋಗುವುದೂ ಅಲ್ಲ, ಬೇರೆ ಏನಾದರೂ ಕೊಡಿ ಎಂದರಂತೆ ಆಕೆ. ಇಷ್ಟು ತಿಳಿಯಲು ಡಾಕ್ಟರು ಬೇಕಿರಲಿಲ್ಲ. ಆ ಕೂಸು ಇದನ್ನೇ ಹೇಳಿತ್ತು.

ಮನೆಯಿಂದ ಜೋಳದ ಹಿಟ್ಟು, ಬೆಲ್ಲ ತಂದು, ಮಜ್ಜಿಗೆ ಹಾಕದೆ ನೀರಲ್ಲೇ ತೆಳ್ಳಗೆ ಅಂಬಲಿ ಕಾಸಿದೆ. ಅದಕ್ಕೆ ಬೇರೆ ಬೋಗುಣಿ, ಬೇರೆ ಸೌಟು. ಹಾಲಿನದರಲ್ಲಿ ಬೆರೆಯಬಾರದೆಂದು ಸೌಟಿನ ಹಿಡಿಗೆ ಕೆಂಪು ದಾರ ಸುತ್ತಿದೆ. ಡಬ್ಬಿಯಲ್ಲಿ ತುಂಬಿಕೊಂಡು ಮಾಸ್ತರರ ಜೊತೆ ಅವರ ಮನೆಗೆ ಹೋದೆ. ಅವಳ ಅಪ್ಪ ಡಬ್ಬಿಯನ್ನೂ ನನ್ನನ್ನೂ ನೋಡಿ, ನಾಳಿ ಮತ್ತ ಯಾರರೆ ಮುಂದ ನಿಂತು ಕುಡಿಸಿದ್ರ ಏನು ಮಾಡೋಣ ಎಂದು ಕೇಳಿದ. ಮಾಸ್ತರರು ಉತ್ತರ ಕೊಡುವ ಮೊದಲೇ ನಾನು ಹೇಳಿದೆ.

"ನಾ ಇರೋತನಕ ಆಕಿ ಗಿಲಾಸಿನ್ಯಾಗ ಹಾಲು ಬೀಳಲ್ಲ."

ಸೋಮವಾರ ಅವಳು ಬಂದಳು. ಆ ವಾರವೇ ಇನ್ನೂ ಮೂರು ಮಕ್ಕಳು ಹಾಲಿನ ಸಾಲು ಬಿಟ್ಟು ಕೆಂಪು ದಾರದ ಸೌಟಿನ ಮುಂದೆ ಬಂದು ಸುಮ್ಮನೆ ನಿಂತರು. ಅವರೂ ಇಷ್ಟು ದಿನ ಹೊಟ್ಟೆ ಹಿಡಿದುಕೊಂಡೇ ಕುಡಿಯುತ್ತಿದ್ದರೋ, ಬೇವಿನ ಬುಡಕ್ಕೆ ಚೆಲ್ಲುತ್ತಿದ್ದರೋ, ನಾನು ಕೇಳಲಿಲ್ಲ. ಬೋಗುಣಿ ದೊಡ್ಡದು ಮಾಡಿದೆ.

ಆದರೆ ಅವಳು ಲೋಟ ಕೈಗೆ ಬಂದ ಕೂಡಲೇ ಮೂಸುತ್ತಿದ್ದಳು. ಮೂಸಿ, ಬೆಳಕಿಗೆ ಓರೆ ಮಾಡಿ ಬಣ್ಣ ನೋಡಿ, ಆಮೇಲೆ ಕುಡಿಯುತ್ತಿದ್ದಳು. ಏಳನೇ ಇಯತ್ತೆ ಮುಗಿಸಿ ರಾಜೇಶ್ವರದ ಹೈಸ್ಕೂಲಿಗೆ ಹೋಗುವವರೆಗೂ ಒಂದು ದಿನವೂ ಮೂಸದೆ ಕುಡಿಯಲಿಲ್ಲ. ಜೊತೆಯಾಕೆ ಬಡಿಸಿದ ಅನ್ನವನ್ನು ಮಾತ್ರ ಮೂಸದೆ ತಿನ್ನುತ್ತಿದ್ದಳು.

ಈಗ ನಾನು ಕೆಲಸ ಬಿಟ್ಟು ವರ್ಷಗಳಾದವು. ಆದರೂ ಹಾಲು ಉಕ್ಕುವ ವಾಸನೆ ಬಂದರೆ ಬಾಗಿಲ ಹತ್ತಿರ ಯಾರೋ ಲೋಟ ಹಿಡಿದು ನಿಂತಂತೆ ಆಗುತ್ತದೆ. ತಿರುಗಿ ನೋಡಿದರೆ ನೀವಿರುತ್ತೀರಿ.

ಹೋದ ಬೇಸಿಗೆಯಲ್ಲಿ ನಿಮ್ಮ ಕಡೆ ಬರಲು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಎತ್ತರದ ಹುಡುಗಿಯೊಬ್ಬಳು ಬಂದು ಕಾಲು ಮುಟ್ಟಿದಳು. ನಾನು ಗುರುತು ಹಿಡಿಯಲಿಲ್ಲ, ಅವಳು ಹಿಡಿದಿದ್ದಳು. ಬಸವಕಲ್ಯಾಣದಲ್ಲಿ ಡಿಗ್ರಿ ಓದುತ್ತಿದ್ದಾಳಂತೆ, ಲೆಕ್ಕದ್ದೇ. ಬೇಡವೆಂದರೂ ಕೇಳದೆ ನನಗೊಂದು ಚಹಾ, ತನಗೊಂದು ಹಾಲಿಲ್ಲದ ಚಹಾ ತಂದಳು.

ಎಷ್ಟೋ ವರ್ಷದಿಂದ ಒಳಗೇ ಇಟ್ಟುಕೊಂಡ ‘ತಪ್ಪಾಯ್ತು’ ಎಂಬ ಮಾತು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತನ್ನ ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದಳು. ಅದು ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಮೂಸುತ್ತಲೇ ನನಗೆ ಏನೋ ಹೇಳುತ್ತಿದ್ದಳು.

ನಾನು ತಲೆ ತಗ್ಗಿಸಿ ನನ್ನ ಲೋಟ ನೋಡಿದೆ. ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟತೊಡಗಿತು.

"ಕುಡೀರಿ ಆಯಿ, ಆರ್ತದ," ಎಂದಳು.

ಹೇಳಿ, ನನ್ನ ಮುಂದೆ ನಿಲ್ಲಲಿಲ್ಲ. ನಾನು ಕುಡಿದು ಮುಗಿಸುವವರೆಗೂ ಆ ಕಡೆ ತಿರುಗಿ ಬರುವ ಬಸ್ಸುಗಳನ್ನು ನೋಡುತ್ತಿದ್ದಳು.