ಗಾಜು ಕೂಗಲಿಲ್ಲ

ಗಾಜಿನಣ್ಣ ಎಂದರೆ ನಿಧಾನ, ನಿಧಾನ ಎಂದರೆ ಗಾಜಿನಣ್ಣ. ಅವನ ವ್ಯಾನಿನ ಹಿಂದೆ ಸಿಕ್ಕಿಹಾಕಿಕೊಂಡವರು ಹಾರ್ನ್ ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ತನ್ನ ಮದುವೆಗೇ ತಡವಾಗಿ ಬಂದ ಗಂಡು ಎಂದು ಹೆಂಡತಿಯ ಕಡೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂಥವನಿಗೆ, ಕೂದಲು ಹಣ್ಣಾದ ಮೇಲೆ, ಜೀವನದಲ್ಲೇ ಮೊದಲ ಬಾರಿಗೆ ಅತಿವೇಗದ ದಂಡದ ಚೀಟಿ ಬಂತು ಎಂದರೆ ಯಾರು ನಂಬುತ್ತಾರೆ? ಅಂಗಡಿಯಲ್ಲಂತೂ ಯಾರೂ ನಂಬಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂಗಡಿ ಬಾವಮೈದನದು, ಅಂದರೆ ಹೆಂಡತಿಯ ತಮ್ಮನದು. ಕಿಟಕಿ ಗಾಜು, ಕನ್ನಡಿ, ಷೋಕೇಸಿನ ಗಾಜು ಕತ್ತರಿಸಿ ಮಾರುವ ಅಂಗಡಿ. ಕತ್ತರಿಸಿದ್ದನ್ನು ವ್ಯಾನಿನಲ್ಲಿ ಮನೆಮನೆಗೆ ಒಯ್ದು ಕೂರಿಸುವುದು ಗಾಜಿನಣ್ಣನ ಕೆಲಸ. ಬಾವಮೈದ ಚೀಟಿಯನ್ನು ಬೆಳಕಿಗೆ ಹಿಡಿದು, "ಭಾವಾ, ಐವತ್ತರ ರಸ್ತೇಲಿ ಎಪ್ಪತ್ತೊಂದಂತೆ! ಅಕ್ಕನ ಹತ್ರ ಬೈಸ್ಕೊಂಡು ಓಡಿ ಬರ್ತಾ ಇದ್ರಾ?" ಎಂದ. ಗಾಜು ಕತ್ತರಿಸುವವನು ಮೇಜಿನ ಮೇಲಿಂದ ತಲೆ ಎತ್ತಿ, "ಹಿಂದೆ ನಾಯಿ ಬಿದ್ದಿರ್ಬೇಕು ಬಿಡಿ," ಎಂದ.

"ಕ್ಯಾಮೆರಾ ಕೆಟ್ಟಿದೆ," ಎಂದ ಗಾಜಿನಣ್ಣ.

"ಆಗಿರ್ಬಹುದು. ಬಿಡಿ ಭಾವ, ನಾನು ನೋಡ್ಕೋತೀನಿ. ಇದೇನು ದೊಡ್ಡ ವಿಷ್ಯ ಅಲ್ಲ."

ದೊಡ್ಡ ವಿಷಯವಲ್ಲವಂತೆ! ಗಾಜಿನಣ್ಣನಿಗೆ ಮೈಯೆಲ್ಲ ಉರಿಯಿತು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಉರಿಯುವುದಕ್ಕೆ ಕಾರಣವಿದೆ. ಗಾಜಿನಣ್ಣ ವ್ಯಾನಿನ ವೇಗವನ್ನು ಕಣ್ಣಿಂದ ನೋಡಿದವನಲ್ಲ, ಕಿವಿಯಿಂದ ಅಳೆದವನು. ವ್ಯಾನಿನ ಹಿಂಭಾಗದಲ್ಲಿ ಒಂದು ಮರದ ಚೌಕಟ್ಟಿದೆ. ಅದರಲ್ಲಿ ಗಾಜಿನ ಹಾಳೆಗಳು ಸಾಲಾಗಿ ನೆಟ್ಟಗೆ ನಿಂತು ಪ್ರಯಾಣ ಮಾಡುತ್ತವೆ. ವ್ಯಾನು ಹೊರಟ ಕೂಡಲೇ ಅವು ತಮ್ಮತಮ್ಮಲ್ಲೇ ಪಿಸುಗುಟ್ಟಲು ಶುರುಮಾಡುತ್ತವೆ. ಮೂವತ್ತಕ್ಕೆ ಕಿಣಿಕಿಣಿ, ನಲವತ್ತಕ್ಕೆ ಹರಟೆ. ಐವತ್ತು ಮುಟ್ಟಿತೋ, ಸಣ್ಣಗೆ ಒಂದು ಸಿಳ್ಳೆ ಏಳುತ್ತದೆ. ಅದನ್ನೂ ದಾಟಿದರೆ ಕಿವಿ ಕೊರೆಯುವ ಕೂಗು. ಸಿಳ್ಳೆ ಎದ್ದ ಕ್ಷಣ ಗಾಜಿನಣ್ಣನ ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು. ವೇಗ ತೋರಿಸುವ ಮುಳ್ಳಿನ ಮೇಲೆ ಅವನು ಒರೆಸುವ ಬಟ್ಟೆ ಮಡಚಿಟ್ಟಿರುತ್ತಿದ್ದ. ಬಾವಮೈದ ಮೀಸೆ ಚಿಗುರುವ ವಯಸ್ಸಿನಲ್ಲಿ ಎಷ್ಟೋ ಸಲ ಪಕ್ಕದಲ್ಲಿ ಕೂತು, "ಈಗೆಷ್ಟು ಭಾವ?" ಎಂದು ಕೇಳಿ, ಬಟ್ಟೆ ಸರಿಸಿ ನೋಡಿ ಬೆರಗಾಗಿದ್ದ. ಒಂದು ಸಲವೂ ಭಾವನ ಲೆಕ್ಕ ತಪ್ಪಿರಲಿಲ್ಲ.

ಗಾಜು ಒಳ್ಳೆಯದೋ ಕೆಟ್ಟದ್ದೋ ಎನ್ನುವುದನ್ನೂ ಅವನು ಕಿವಿಯಿಂದಲೇ ಹೇಳುವವನು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು. ಗಟ್ಟಿ ಗಾಜು ಠಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಬದ್ ಎಂಬ ಮಂಕು ಸದ್ದು. ಇತ್ತೀಚೆಗೆ ಎರಡು ಮನೆಗಳಲ್ಲಿ ಕೂರಿಸುವಾಗಲೇ ಗಾಜು ಕೈಯಲ್ಲಿ ಸೀಳಿಹೋದದ್ದು ನಿಜ. ಅದಕ್ಕೆ ಅವನು ಕಾರ್ಖಾನೆಯವರ ವಂಶವನ್ನೆಲ್ಲ ಜಾಲಾಡಿಸಿ, ಈಗಿನ ಮಾಲೇ ಇಷ್ಟು ಎಂದು ಕೈತೊಳೆದುಕೊಂಡಿದ್ದ.

ಹೀಗಿರುವಾಗ ಎಪ್ಪತ್ತೊಂದಂತೆ, ಅದೂ ಗಾಜು ತುಂಬಿದ ವ್ಯಾನಿನಲ್ಲಿ! ಅಷ್ಟು ವೇಗಕ್ಕೆ ಆ ಗಾಜುಗಳು ಬೀದಿಗೆಲ್ಲ ಕೇಳುವಂತೆ ಅರಚಬೇಕು. ಅವು ಅರಚಲಿಲ್ಲ. ಅವನಿಗೆ ಚೆನ್ನಾಗಿ ನೆನಪಿದೆ, ಅವತ್ತು ವ್ಯಾನಿನಲ್ಲಿ ಹಾಯೆನಿಸುವಷ್ಟು ಶಾಂತಿಯಿತ್ತು. ಅಂದಮೇಲೆ ಕ್ಯಾಮೆರಾ ಸುಳ್ಳು. ಕ್ಯಾಮೆರಾ ಸುಳ್ಳಲ್ಲ ಎಂದಾದರೆ...? ಆ ಪ್ರಶ್ನೆಯ ಹತ್ತಿರಕ್ಕೆ ಅವನ ಮನಸ್ಸು ಹೋಗುವುದು, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಬರುವುದು. ದಿನವೆಲ್ಲ ಇದೇ ಆಯಿತು.

ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಅಂಗಡಿಯಿಂದ ವ್ಯಾನಿಗೆ, ವ್ಯಾನಿನಿಂದ ಅಂಗಡಿಗೆ ಓಡಾಡಿದ. ಊಟಕ್ಕೆಂದು ಬಿಟ್ಟ ಹೊತ್ತಿನಲ್ಲಿ ಆ ರಸ್ತೆಗೇ ಹೋಗಿ ಕ್ಯಾಮೆರಾ ಕಂಬದ ಕೆಳಗೆ ನಿಂತು ಅದನ್ನು ದುರುಗುಟ್ಟಿ ನೋಡಿದ. ಔಷಧಿ ಅಂಗಡಿಯವಳು ಹೊರಗೆ ಬಂದು, "ಏನು ಕಳ್ಕೊಂಡಿದ್ದೀರಿ?" ಎಂದು ಕೇಳಿದಳು. ಮರ್ಯಾದೆ ಎನ್ನಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ವಾಪಸು ಬಂದ.

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಮನೆ ಎಂಬುದು ಕೆಲವು ತಿಂಗಳಿಂದ ತಣ್ಣಗಾಗಿತ್ತು. ಹೆಂಡತಿಗೆ ಮೊದಲಿನಿಂದಲೂ ಒಂದು ಅಭ್ಯಾಸ. ಪಾತ್ರೆ ತೊಳೆಯಲಿ, ಬಟ್ಟೆ ಮಡಚಲಿ, ಬಾಯಿ ಮುಚ್ಚಿಕೊಂಡೇ ಏನಾದರೂ ಗುನುಗುತ್ತಿದ್ದಳು. ತಲೆಬುಡವಿಲ್ಲದ ರಾಗ, ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹತ್ತಿಕೊಂಡಿತೋ ದೇವರಿಗೇ ಗೊತ್ತು. ಹಿಂದೆ ಅವನು ಅದಕ್ಕೆ ರೇಗಿಸಿದ್ದೂ ಉಂಟು. ಈಗ ಅದು ನಿಂತುಹೋಗಿತ್ತು. ಮಾತೂ ಕಡಿಮೆ. ಅವಳಿಗೆ ನನ್ನ ಮೇಲೆ ಏನು ಕೋಪ, ನಾನೇನು ಮಾಡಿದೆ ಎಂದು ಗಾಜಿನಣ್ಣ ಒಳಗೊಳಗೇ ನೊಂದುಕೊಂಡಿದ್ದ. ಕೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗಂಡಸು ನೋಡಿ, ಬಿಗಿದುಕೊಂಡು ಕೂತ.

ಮರುದಿನ ಸಂಚಾರ ಇಲಾಖೆಯ ಕಚೇರಿಗೆ ಹೋದ. ಗುಮಾಸ್ತ ಒಂದು ಗಾಜಿನ ತಡೆಯ ಹಿಂದೆ ಕೂತಿದ್ದ. ತೆಳು ಗಾಜು, ಅಂಚು ಸರಿಯಾಗಿ ಉಜ್ಜಿಲ್ಲ, ಇದನ್ನು ಕೂರಿಸಿದವನಿಗೆ ಕೆಲಸ ಬರುವುದಿಲ್ಲ ಎಂದು ಗಾಜಿನಣ್ಣನಿಗೆ ನೋಡಿದ ಕೂಡಲೇ ತಿಳಿಯಿತು. ಗುಮಾಸ್ತ ಏನೋ ಅಂದ. ಗಾಜಿನಣ್ಣ "ಆಂ?" ಎಂದ. ಮತ್ತೆ ಅಂದ. ಮತ್ತೆ "ಆಂ?" ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಏನು ರೋಗ ಎಂದುಕೊಳ್ಳುತ್ತ, ಬಗ್ಗಿ ಕೆಳಗಿನ ಕಿಂಡಿಗೇ ಮುಖ ಇಟ್ಟ.

"ಏನು ಆಕ್ಷೇಪಣೆ ಅಂತ ಕೇಳ್ದೆ," ಎಂದ ಗುಮಾಸ್ತ.

"ನಾನು ಅಷ್ಟು ಜೋರಾಗಿ ಹೋಗಿಲ್ಲ ಸ್ವಾಮಿ."

"ಎಲ್ಲರೂ ಅದನ್ನೇ ಹೇಳ್ತಾರೆ. ಆಧಾರ?"

"ಗಾಜು ಕೂಗ್ಲಿಲ್ಲ."

ಗುಮಾಸ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಏನಂತ ಬರ್ಕೊಳ್ಳಲಿ? ಗಾಜು ಕೂಗಲಿಲ್ಲ ಅಂತಾನಾ?"

"ಹೂಂ. ಹಾಗೇ ಬರ್ಕೊಳ್ಳಿ."

ಒಳ್ಳೆಯ ಮನುಷ್ಯ, ಬೈಯಲಿಲ್ಲ. ಮುಂದಿನ ವಾರ ಸಾಹೇಬರು ವಿಚಾರಣೆಗೆ ಕೂರುತ್ತಾರೆ, ಸಾಕ್ಷಿ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದ. ಸರದಿಯಲ್ಲಿ ಹಿಂದೆ ನಿಂತವರು ನಗುತ್ತಿದ್ದುದು ಗಾಜಿನಣ್ಣನ ಬೆನ್ನಿಗೇ ಗೊತ್ತಾಯಿತು.

ಸಾಕ್ಷಿ! ಬಾವಮೈದನನ್ನು ಕರೆದರೆ ನಕ್ಕೇ ಸಾಯುತ್ತಾನೆ. ಸಂಜೆ ಮನೆಗೆ ಬಂದು, ಬಟ್ಟೆ ಮಡಚುತ್ತಿದ್ದ ಹೆಂಡತಿಯ ಎದುರು ನಿಂತು, "ನಾಳೆ ನನ್ ಜೊತೆ ವ್ಯಾನಲ್ಲಿ ಬರ್ತೀಯಾ?" ಎಂದು ಕೇಳಿದ. ಅವಳು ಮಡಚುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದಳು. ಗಾಜಿನಣ್ಣನಿಗೆ ಪಿಚ್ಚೆನಿಸಿತು. ಆದರೂ ಅವಳನ್ನು ವ್ಯಾನಿಗೆ ಹತ್ತಿಸಿಕೊಂಡು ಹೊರಟ.

ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದೆ ಉದ್ದಕ್ಕೆ ಒಂದು ನೇರ ರಸ್ತೆ. ಜನರಿಲ್ಲ, ಕ್ಯಾಮೆರಾ ಇಲ್ಲ. ಅವತ್ತು ತುಂಬಿದಷ್ಟೇ ಗಾಜು ತುಂಬಿಕೊಂಡು ಬಂದಿದ್ದ. ರಸ್ತೆಯ ತುದಿಯಲ್ಲಿ ನಿಲ್ಲಿಸಿ ಅವಳಿಗೆ ಕೆಲಸ ಒಪ್ಪಿಸಿದ. "ನೋಡು, ಗಾಜು ಸಿಳ್ಳೆ ಹಾಕಿದ ತಕ್ಷಣ ನಾನು 'ಐವತ್ತು' ಅಂತೀನಿ. ನೀನು ಬಟ್ಟೆ ಎತ್ತಿ ಮುಳ್ಳು ನೋಡು. ಸರಿಯಾಗಿ ಐವತ್ತೇ ಇರುತ್ತೆ. ಅದನ್ನ ಸಾಹೇಬ್ರ ಮುಂದೆ ಹೇಳ್ಬೇಕು, ಅಷ್ಟೇ."

"ಇಷ್ಟಕ್ಕಾ ಕರ್ಕೊಂಡು ಬಂದಿದ್ದು?" ಎಂದಳು. ಅವಳ ಮುಖ ಸಣ್ಣದಾಯಿತು.

ವ್ಯಾನು ಹೊರಟಿತು. ಗಾಜಿನಣ್ಣ ಮೈಯೆಲ್ಲ ಕಿವಿಯಾಗಿ ಕೂತ. ಇಂಜಿನ್ನಿನ ಗುರ್ ಎನ್ನುವ ಸದ್ದು ಬಂತು, ಚಕ್ರದ ಸದ್ದು ಬಂತು. ಕಾಯುತ್ತ ಕಾಯುತ್ತ ಕಾಲು ಒತ್ತಿದ. ಸಿಳ್ಳೆ ಏಳಲಿಲ್ಲ. ಇನ್ನೂ ನಲವತ್ತೇ ಇರಬೇಕು. ಇನ್ನಷ್ಟು ಒತ್ತಿದ. ಬೇಲಿಯ ಕಂಬಗಳು ಸರಸರ ಹಿಂದೆ ಹೋಗುತ್ತಿದ್ದವು. ಆದರೂ ಒಳಗೆ ಅದೇ ಶಾಂತಿ, ಅವತ್ತಿನ ಹಾಗೆಯೇ. ನೋಡಿದೆಯಾ, ನಾನು ಹೇಳಲಿಲ್ಲವೆ ಎನ್ನಲು ಪಕ್ಕಕ್ಕೆ ತಿರುಗಿದ. ಹೆಂಡತಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಮುದುರಿ ಕೂತಿದ್ದಳು.

ಹೆದರಿದ್ದಾಳೆ ಎಂದುಕೊಂಡ. ಅಷ್ಟರಲ್ಲಿ ಅವಳು ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿ, ಅವನ ತೋಳನ್ನು ಗಟ್ಟಿಯಾಗಿ ಹಿಡಿದು ಜಗ್ಗಿದಳು. "ನಿಲ್ಸಿ! ಒಡೀತು, ನಿಲ್ಸಿ!"

ನಿಲ್ಲಿಸಿದ. "ಏನು ಒಡೀತು?"

"ಏನು ಅಂದ್ರೆ? ಗಾಜು ರೀ! ಆಗಿಂದ ಹಾಗೆ ಕಿರುಚ್ತಾ ಇದೆ, ನೀವು ಇನ್ನೂ ಒತ್ತುತ್ತಾನೇ ಇದ್ದೀರಲ್ಲ!"

ಗಾಜಿನಣ್ಣ ಇಳಿದು ಹಿಂದಕ್ಕೆ ಹೋದ. ಹಿಂಬಾಗಿಲು ತೆಗೆದರೆ, ಸಾಲಿನ ಹೊರಗಿನ ಹಾಳೆ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಸೀಳಿತ್ತು. ಒಂದು ಚೂರು ಕೆಳಗೆ ಬಿದ್ದು ಪುಡಿಯಾಗಿತ್ತು. ಅವನ ಬೆನ್ನ ಹಿಂದೆ, ಕೈಯಳತೆಯಲ್ಲಿ, ಒಂದು ಗಾಜು ಒಡೆದು ಬಿದ್ದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ.

ಒಡೆದ ಹಾಳೆಯನ್ನು ಗೆಣ್ಣಿನಿಂದ ತಟ್ಟಿದ. ಪಕ್ಕದ ಗಟ್ಟಿ ಹಾಳೆಯನ್ನು ತಟ್ಟಿದ. ಮತ್ತೆ ಇದು, ಮತ್ತೆ ಅದು. ಎರಡೂ ಒಂದೇ ಥರ, ಮರದ ಹಲಗೆ ತಟ್ಟಿದಂತೆ. ಹೆಂಡತಿ ಪರ್ಸಿನಿಂದ ಮನೆಯ ಬೀಗದ ಕೈ ತೆಗೆದು ಗಟ್ಟಿ ಗಾಜಿಗೆ ಜೋರಾಗಿ ಬಡಿದಳು. "ಇದು?" ಎಂದು ಅವನ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಲ್ಲಾಡಿಸಿದ. ಆ ಎರಡು ಮನೆಗಳಲ್ಲಿ ಕೈಯಲ್ಲೇ ಸೀಳಿದ ಗಾಜುಗಳು ನೆನಪಾದವು. ಕಾರ್ಖಾನೆಯವರನ್ನು ಬೈದದ್ದು ನೆನಪಾಯಿತು. ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಕಿವಿ ಹೋದರೆ ಗಾಜಿನಣ್ಣನಲ್ಲಿ ಉಳಿಯುವುದೇನು?

"ಯಾವಾಗಿಂದ ಹೀಗೆ?" ಎಂದ, ಅವಳನ್ನು ಕೇಳಿದನೋ ತನ್ನನ್ನೇ ಕೇಳಿಕೊಂಡನೋ.

ಅವಳು ಪಕ್ಕದಲ್ಲೇ ಕೂತಳು. ಒಳ್ಳೆಯ ಬಟ್ಟೆಗೆ ಧೂಳಾಗುವುದನ್ನು ಲೆಕ್ಕಿಸಲಿಲ್ಲ. "ನಂಗೇನ್ರೀ ಗೊತ್ತು? ಅಡುಗೆಮನೆಯಿಂದ ಕರೆದ್ರೆ ನೀವು ತಿರುಗಿ ಸಹ ನೋಡ್ತಾ ಇರ್ಲಿಲ್ಲ. ನನ್ ಮೇಲೆ ಏನೋ ಬೇಜಾರಿರ್ಬೇಕು ಅಂದ್ಕೊಂಡೆ. ನಾನೂ ಕರೆಯೋದು ಬಿಟ್ಟೆ. ಸಾಕಾಗಿಹೋಗಿದ್ದೀನೇನೋ ಇವರಿಗೆ ಅಂತ..." ಅವಳು ಕಣ್ಣೊರೆಸಿಕೊಳ್ಳತೊಡಗಿದಳು.

"ನಿನ್ ಮೇಲೆ ನಂಗೆ ಬೇಜಾರಾ?" ಅವನಿಗೆ ಸಿಟ್ಟೇ ಬಂತು. "ಬೇಜಾರು ಮಾಡ್ಕೊಂಡಿದ್ದು ನೀನು. ಕೆಲಸ ಮಾಡ್ತಾ ಗುನುಗ್ತಾ ಇದ್ದೆಯಲ್ಲ, ಅದನ್ನೂ ನಿಲ್ಲಿಸ್ಬಿಟ್ಟೆ."

ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದಳು.

"ಯಾರು ನಿಲ್ಲಿಸಿದ್ದು? ಇವತ್ತು ಬೆಳಿಗ್ಗೆನೂ ಗುನುಗ್ತಾ ಇದ್ನಲ್ರೀ. ನೀವು ಪಕ್ಕದಲ್ಲೇ ಕೂತು ಶೂಸ್ ಹಾಕ್ಕೊಳ್ತಾ ಇದ್ರಿ."

ಗಾಜಿನಣ್ಣನಿಗೆ ಅಳು ಬಂತು. ಕೆಲಸಕ್ಕಾಗಿ ಅಲ್ಲ, ಚೀಟಿಗಾಗಿಯಂತೂ ಅಲ್ಲವೇ ಅಲ್ಲ. ಅಷ್ಟೂ ದಿನ ಆ ಹಾಡು ಅವನ ಸುತ್ತಲೇ ಓಡಾಡಿತ್ತು, ಅವನು ಮೂತಿ ಬಿಗಿದುಕೊಂಡು ಅದರ ನಡುವೆಯೇ ಕೂತಿದ್ದ. ಅವಳು ಬೀಗದ ಕೈಯನ್ನು ಪರ್ಸಿಗೆ ಹಾಕಿಕೊಂಡು, ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು.

ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಸೇರಿ ಗಾಜಿನ ಚೂರು ಆರಿಸಿದರು. "ಸಾಕ್ಷಿ ಹೇಳೋಕೆ ಬರ್ಲಾ?" ಎಂದು ಅವಳು ಅವನ ಎದುರಿಗೆ ಬಂದು ಕೇಳಿದಳು. ಬೇಡ ಎಂದ. ಕ್ಯಾಮೆರಾ ಸರಿಯಾಗಿಯೇ ಇದೆ, ದಂಡ ಕಟ್ಟುತ್ತೇನೆ. ಮೊದಲು ನಿನ್ನ ತಮ್ಮನಿಗೆ ಇರುವುದನ್ನು ಇದ್ದ ಹಾಗೆ ಹೇಳಬೇಕು, ಆಮೇಲೆ ಕಿವಿ ಡಾಕ್ಟರು. ವ್ಯಾನನ್ನು ಅವನು ನನ್ನ ಕೈಯಲ್ಲಿ ಬಿಡುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು ಎಂದ. ಹೇಳುವಾಗ ಬೆರಳುಗಳು ಗಾಡಿಯ ಕೀಲಿಯನ್ನು ತಿರುಗಿಸುತ್ತಲೇ ಇದ್ದವು.

ಡ್ರೈವರ್ ಸೀಟಿಗೆ ಹತ್ತಿ, ಮುಳ್ಳಿನ ಮೇಲಿದ್ದ ಬಟ್ಟೆಯನ್ನು ತೆಗೆದು ಅವಳ ಕೈಗೆ ಕೊಟ್ಟ. ವ್ಯಾನು ಹೊರಟಿತು. ಮುಳ್ಳು ಮೂವತ್ತಕ್ಕೆ ಬಂತು, ಅದನ್ನು ಅಲ್ಲೇ ಹಿಡಿದಿಟ್ಟ. ಹೊಸದಾಗಿ ಗಾಡಿ ಕಲಿಯುವವನ ಹಾಗೆ ಒಮ್ಮೆ ಮುಳ್ಳು ನೋಡುವುದು, ಒಮ್ಮೆ ರಸ್ತೆ ನೋಡುವುದು.

"ಗುನುಗು," ಎಂದ.

"ಇಲ್ಲೇನಾ? ಈ ಸದ್ದಿನಲ್ಲಾ?"

"ಹೂಂ."

ಅವಳು ಬಟ್ಟೆಯನ್ನು ಮಡಿಲಲ್ಲಿ ಮಡಚುತ್ತ ಶುರುಮಾಡಿದಳು. ಅವನು ಕಣ್ಣಂಚಿನಲ್ಲಿ ನೋಡಿದ. ಮುಚ್ಚಿದ ತುಟಿ, ಸಣ್ಣಗೆ ಆಡುತ್ತಿದ್ದ ಕತ್ತು, ಮಂಡಿಯ ಮೇಲೆ ತಾಳ ಹಾಕುವ ಬೆರಳು. ರಸ್ತೆ ತಿರುಗುವ ಕಡೆ ವ್ಯಾನು ನಿಂತಾಗ ಅವಳು ಅವನ ಕಿವಿಯ ಹತ್ತಿರಕ್ಕೆ ಬಗ್ಗಿದಳು.

"ಕೇಳಿಸ್ತಾ?"

"ಇಲ್ಲ," ಎಂದ ಗಾಜಿನಣ್ಣ. "ನಿಲ್ಲಿಸ್ಬೇಡ."