ಪಾರ್ಟಿ ಬೋಟು ಕಾವಲಿಗೆ ಹೋದ ದಿನಗಳು

ಗಡಿಯಲ್ಲಿ ಯುದ್ಧದ ಸುದ್ದಿ ಜೋರಾದ ವಾರವೇ ನಮ್ಮ ಬೋಟನ್ನು ಕೇಳಿಕೊಂಡು ಬಂದರು. ಅದು ಮೀನು ಹಿಡಿಯುವ ಬೋಟಲ್ಲ. ನನ್ನ ಗಂಡ ದುಬೈಯಲ್ಲಿ ಒಬ್ಬ ಶ್ರೀಮಂತರ ವಿಹಾರ ನೌಕೆ ನಡೆಸುತ್ತಿದ್ದವರು. ಕೆಲಸ ಬಿಟ್ಟು ಊರಿಗೆ ಮರಳುವಾಗ ಗೋವಾದಲ್ಲಿ ಮಾರಾಟಕ್ಕಿದ್ದ ಹಳೆಯ ನೌಕೆಯೊಂದನ್ನು ಕೊಂಡು, ಸಮುದ್ರದಲ್ಲೇ ನಡೆಸಿಕೊಂಡು ಬಂದಿದ್ದರು. ಬಿಳಿಯ ಮೈ, ಮೇಲೆ ನೀಲಿ ಬಟ್ಟೆಯ ಮಾಡು, ಕುಳಿತುಕೊಳ್ಳಲು ಮೆತ್ತನೆಯ ಸೋಫಾಗಳು. ಮಲ್ಪೆ ಬಳಿಯ ಹೂಡೆಯ ಹೊಳೆಯಿಂದ ಹೊರಟು, ಹೊಳೆ ಕಡಲು ಸೇರುವ ಅಳಿವೆ ದಾಟಿ, ಸೂರ್ಯ ಮುಳುಗುವುದನ್ನು ತೋರಿಸಿ ಜನರನ್ನು ಮರಳಿ ದಡ ಸೇರಿಸುವುದು ನಮ್ಮ ಕಸುಬು. ಮಣಿಪಾಲದ ವಿದ್ಯಾರ್ಥಿಗಳ ಹುಟ್ಟುಹಬ್ಬಗಳೇ ಹೆಚ್ಚು. ಮಲ್ಪೆಯವರಿಗೆ ಅದು ಪಾರ್ಟಿ ಬೋಟು.

ಬಂದವರು ಇಬ್ಬರು. ನೌಕಾಪಡೆಯ ಅಧಿಕಾರಿ ಹಿಂದಿಯಲ್ಲಿ ಮಾತನಾಡಿದರು. ಜೊತೆಗಿದ್ದ ನಮ್ಮ ಕಡೆಯ ಪೊಲೀಸರೊಬ್ಬರು ಅದನ್ನು ಕನ್ನಡದಲ್ಲಿ ಹೇಳಿದರು. ದಡದ ಹತ್ತಿರ, ಬಂಡೆಗಳ ಸಂದಿಯಲ್ಲಿ, ಹೆಚ್ಚು ಆಳವಿಲ್ಲದ ನೀರಿನಲ್ಲಿ ವೇಗವಾಗಿ ಓಡಿ ಕಾವಲು ಕಾಯುವ ಬೋಟು ಬೇಕಂತೆ. ನಾನು ಚಹಾ ತರುವಷ್ಟರಲ್ಲಿ ನನ್ನ ಗಂಡ ಒಪ್ಪಿಯಾಗಿತ್ತು. ಅಷ್ಟೇ ಅಲ್ಲ, ಬೋಟಿನ ಜೊತೆ ತಾನೂ ಹೋಗುತ್ತೇನೆಂದು ಹೇಳಿಬಿಟ್ಟಿದ್ದರು.

ಅವರಿಬ್ಬರು ಹೋದ ಮೇಲೆ ನಾನು ಸಿಟ್ಟಿನಿಂದಲೇ ಹೇಳಿದೆ: "ಬೋಟು ಬೇಕಾದರೆ ಕೊಡಿ. ನೀವು ಹೋಗುವುದು ಬೇಡ."

"ಅದರ ಎಂಜಿನು ನನ್ನ ಕೈಗೆ ಮಾತ್ರ ಬಗ್ಗುವುದು, ನಿನಗೆ ಗೊತ್ತುಂಟಲ್ಲ," ಎಂದರು. ಅದು ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಬೋಟುಗಳು ನಿಲ್ಲುವ ಮಲ್ಪೆ ಧಕ್ಕೆಯಲ್ಲಿ ಕೆಲಸ ಬೇಗ ಬೇಗ ನಡೆಯಿತು. ಬಿಳಿ ಮೈಗೆ ಬೂದು ಬಣ್ಣ ಬಳಿದರು. ಬಟ್ಟೆಯ ಮಾಡು ಕಳಚಿತು. ಮುಂಭಾಗದ ಹಲಗೆಗೆ ತೂತು ಕೊರೆದು, ಬೋಲ್ಟು ಹಾಕಿ ಬಿಗಿದು, ಕೋವಿ ನಿಲ್ಲಿಸುವ ಕಂಬ ಕೂರಿಸಿದರು. ಸೋಫಾಗಳೆಲ್ಲ ಟೆಂಪೋದಲ್ಲಿ ನಮ್ಮ ಮನೆಯ ಜಗಲಿಗೆ ಬಂದವು. ಅತ್ತೆ ಅದರಲ್ಲೊಂದರ ಮೇಲೆ ಕುಳಿತು, "ನಮ್ಮ ಬೋಟಿಗೆ ಕೋವಿ ಎಂತಕ್ಕೆ ಮಾರಾಯ್ತಿ?" ಎಂದು ಕೇಳಿದರು.

ಇವರು ಬೆಳಿಗ್ಗೆ ನಾಲ್ಕೈದು ಮಂದಿ ಸೈನಿಕರೊಂದಿಗೆ ಹೋಗಿ ಸಂಜೆಗೆ ಬರುತ್ತಿದ್ದರು. ಬಂದವರೇ ಉಂಡು ಮಲಗುತ್ತಿದ್ದರು. ನಾನೂ ಆ ಬದುಕಿಗೆ ಒಗ್ಗಿಕೊಳ್ಳತೊಡಗಿದ್ದೆ. ಆಗ ಒಂದು ಸಂಜೆ ಬೋಟು ಬರಲಿಲ್ಲ.

ಅಂದು ಮಧ್ಯಾಹ್ನವೇ ಪಡುವಣದಲ್ಲಿ ಮೋಡ ಕಪ್ಪಾಗಿ, ಗಾಳಿ ಎದ್ದು, ಮಳೆ ಹೊಡೆದಿತ್ತು. ಫೋನು ಹತ್ತಲಿಲ್ಲ. ನಾನು ರಿಕ್ಷಾ ಹಿಡಿದು ಧಕ್ಕೆಗೆ ಹೋದೆ. ವೈರ್‌ಲೆಸ್ಸಿನಲ್ಲಿ ಉತ್ತರ ಬರುತ್ತಿಲ್ಲ, ಹುಡುಕಲು ಇನ್ನೊಂದು ಬೋಟು ಹೊರಟಿದೆ ಎಂದು ಅಲ್ಲಿದ್ದ ಪೊಲೀಸರು ಮುಚ್ಚುಮರೆಯಿಲ್ಲದೆ ಹೇಳಿದರು. ಅಷ್ಟರಲ್ಲಿ ಯಾರೋ ತೆಂಕಣ ಊರು ಕಾಪುವಿನ ಕಡೆಯ ಸಮುದ್ರದಲ್ಲಿ ಸ್ಫೋಟದ ಸದ್ದು ಕೇಳಿತಂತೆ ಎಂದರು. ಅದು ಗುಡುಗು ಎಂದು ಇನ್ನೊಬ್ಬರು ಬೈದರು. ನನಗೆ ಮೊದಲನೆಯವನ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಒದ್ದೆಯಾದ ಬಲೆಯ ರಾಶಿಯ ಮೇಲೆ ಕುಳಿತೆ. ಪಕ್ಕದಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ಹೆಂಗಸು ಕೆಲಸ ಬಿಟ್ಟು ಬಂದು, ಏನೂ ಕೇಳದೆ, ನನಗೆ ಒತ್ತಿಕೊಂಡು ಕುಳಿತಳು.

ಕತ್ತಲು ಕವಿಯುವ ಮೊದಲು ಅವಳೇ ಕೈ ತೋರಿಸಿದಳು. ಬೂದು ಬಣ್ಣದ ನಮ್ಮ ಬೋಟು ಬಲು ನಿಧಾನವಾಗಿ ಬರುತ್ತಿತ್ತು. ಹಿಂದೆ ಹಗ್ಗ ಕಟ್ಟಿದ ಒಂದು ಮೀನುಗಾರಿಕೆ ಬೋಟು. ಚುಕ್ಕಾಣಿಯ ಬಳಿ ನಿಂತವರ ಭುಜ ನೋಡಿಯೇ ನನಗೆ ಗುರುತು ಸಿಕ್ಕಿತು. ಎದ್ದು ನೀರಿನ ಅಂಚಿನವರೆಗೆ ಓಡಿದೆ.

ಆದದ್ದು ಇಷ್ಟು. ಬೋಟುಗಳೆಲ್ಲ ದಡಕ್ಕೆ ಮರಳಬೇಕೆಂಬ ಆದೇಶ ಬರುವ ಮೊದಲೇ ಕಾಪುವಿನವರ ಆ ಮೀನುಗಾರಿಕೆ ಬೋಟು ದೂರ ಹೋಗಿತ್ತು. ಅದರ ಎಂಜಿನು ಕೆಟ್ಟು, ಬ್ಯಾಟರಿಯೂ ಸತ್ತು, ತೇಲಿಕೊಂಡು ಬರುತ್ತಿತ್ತು. ಆದೇಶದ ಸುದ್ದಿಯೇ ಅದರಲ್ಲಿದ್ದವರಿಗೆ ತಿಳಿದಿರಲಿಲ್ಲ. ಮಳೆಯ ನಡುವೆ ಕೋವಿ ಹೊತ್ತ ಬೂದು ಬೋಟೊಂದು ತಮ್ಮತ್ತಲೇ ಬಂದಾಗ ಶತ್ರುಗಳೆಂದೇ ತಿಳಿದು ಕೆಲವರು ಹಲಗೆಗೆ ಬೋರಲು ಬಿದ್ದರು. ಬೋಟು ನಡೆಸುವ ತಂಡೇಲ ಎರಡೂ ಕೈ ಮೇಲೆತ್ತಿ ನಿಂತ. ಇತ್ತ ಸೈನಿಕರಿಗೂ ಅನುಮಾನ; ಹಿಂದಿಯಲ್ಲಿ ಕೂಗಿದರೆ ಉತ್ತರ ಕೊಡದ ಬೋಟು ಅದು. ಕೋವಿ ಅವರತ್ತ ತಿರುಗಿತ್ತು. ಆಗ ನನ್ನ ಗಂಡ, ಒಂದು ನಿಮಿಷ ತಡೆಯಿರಿ ಎಂದು ಬೇಡಿಕೊಂಡು, ಧ್ವನಿವರ್ಧಕ ಹಿಡಿದು ತುಳುವಿನಲ್ಲಿ ಯಾವ ಊರಿನವರೆಂದು ಕೇಳಿದರಂತೆ. ಆ ಕಡೆಯಿಂದ ಅಳುತ್ತಲೇ ಉತ್ತರ ಬಂತಂತೆ. ಸೈನಿಕರು ಕೋವಿ ಇಳಿಸಿ, ಹಗ್ಗ ಎಸೆದರು. ವೈರ್‌ಲೆಸ್ಸಿಗೆ ಮಳೆನೀರು ನುಗ್ಗಿದ್ದರಿಂದ ಯಾರಿಗೂ ಹೇಳಲಾಗಿರಲಿಲ್ಲ.

ತಂಡೇಲ ಧಕ್ಕೆಗೆ ಇಳಿದವನೇ ನನ್ನ ಬಳಿ ಬಂದು ಹೇಳಿದ: "ಅಕ್ಕಾ, ನಿಮ್ಮ ಯಜಮಾನರ ಸ್ವರ ಕೇಳಿದ ಮೇಲೆಯೇ ನಾನು ಕೈ ಕೆಳಗೆ ಹಾಕಿದ್ದು."

ನಾನು ಎಲ್ಲರೆದುರು ನನ್ನ ಗಂಡನ ತೋಳು ಹಿಡಿದುಕೊಂಡೆ. ಮದುವೆಯಾದ ಮೇಲೆ ಹಾಗೆ ಮಾಡಿದ್ದು ಅದೇ ಮೊದಲು. ಇವರೂ ಬಿಡಿಸಿಕೊಳ್ಳಲಿಲ್ಲ. ರಿಕ್ಷಾದಲ್ಲಿ ಮನೆ ಮುಟ್ಟುವವರೆಗೆ ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಈಗಲೂ ಹೇಳಲಾರೆ. ಮೈ ಮಾತ್ರ ಹತ್ತಿಯಷ್ಟು ಹಗುರವಾಗಿತ್ತು.

ಕೆಲವು ದಿನಗಳಲ್ಲಿ ಗಡಿಯಲ್ಲಿ ಗುಂಡಿನ ಸದ್ದು ನಿಂತಿತು. ಬೋಟು ನಮಗೆ ಮರಳಿತು. ಆ ಮಳೆಗಾಲ ಪೂರ್ತಿ ಅದನ್ನು ಹೊಳೆಯ ಬದಿಗೆ ಎಳೆದು, ತೂತು ಮುಚ್ಚಿಸಿ, ಬೂದು ಬಣ್ಣ ಉಜ್ಜಿ ತೆಗೆದೆವು.

ಮಳೆ ಮುಗಿದ ಮೇಲೆ ಮೊದಲು ಬಂದವರು ಕಾರ್ಕಳದ ಒಂದು ಜೋಡಿ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು. ಹುಡುಗ ತಡವಾಗಿ ಬಂದನೆಂದು ಹುಡುಗಿಗೆ ಕೋಪ. ಅಳಿವೆ ದಾಟಿದರೂ ಜಗಳ ಮುಗಿಯಲಿಲ್ಲ. ಫೋಟೋದವನು ಕ್ಯಾಮೆರಾ ಹಿಡಿದು ಕಾಯುತ್ತ ನಿಂತಿದ್ದ. ನನ್ನ ಗಂಡ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎಷ್ಟು ಬೇಕಾದರೂ ಜಗಳವಾಡಲಿ ಅನಿಸಿತು ನನಗೆ. ಸಮುದ್ರ ಶಾಂತವಾಗಿತ್ತು. ನಮಗೆ ಯಾವ ಅವಸರವೂ ಇರಲಿಲ್ಲ.