ಒನ್ಸ್ ಮೋರ್ ಎಂದವರ ಓಟು

ನನ್ನ ತಮ್ಮ ಎಲೆಕ್ಷನ್ನಿನಲ್ಲಿ ಸೋತದ್ದು ಜನರಿಗೆ ಅವನು ಹಿಡಿಸಲಿಲ್ಲ ಎಂದಲ್ಲ. ಚೆನ್ನಾಗಿಯೇ ಹಿಡಿಸಿದ. ಬಂದರು, ನೋಡಿದರು, ಶಿಳ್ಳೆ ಹೊಡೆದರು, ಎದ್ದು ಮನೆಗೆ ಹೋದರು. ನಾಟಕ ನೋಡಿದವರು ಮಾಡುವುದು ಅಷ್ಟೇ. ಉಳಿದದ್ದೆಲ್ಲ ಟೀ ಅಂಗಡಿಯಲ್ಲಿ ಕೂತು ಕಟ್ಟಿದ ಕತೆ. ಒಬ್ಬರು ಜಾತಿ ಎಂದರು, ಇನ್ನೊಬ್ಬರು ಹೆಂಡ ಎಂದರು. ಯಾರೋ ಒಳಗಿನವರೇ ಕೈಕೊಟ್ಟರು ಎಂದು ತಮ್ಮನೇ ಹೇಳಿಕೊಂಡ. ಕೈಕೊಡುವುದಕ್ಕೆ ನಮ್ಮ ಬೀದಿಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ನನ್ನ ಮೊಮ್ಮಗಳು ಟಿವಿ ಮುಂದೆ ಕೂತು, "ಅಜ್ಜಿ, ಈ ಯಪ್ಪ ಭಾಷಣ ಮಾಡಿದ್ರೆ ಜನ ಹುಚ್ಚೆದ್ದು ಹೋಗ್ತಾರೆ, ಇವ್ನೇ ಗೆಲ್ಲೋದು ನೋಡು" ಎನ್ನುತ್ತಾಳೆ. ಅವಳು ಕಾಲೇಜು ಓದಿದವಳು. ನಾನು ಮೂರನೇ ಕ್ಲಾಸು. ಆದರೂ ಹುಚ್ಚೆದ್ದ ಜನರನ್ನು ನಾನು ಹತ್ತಿರದಿಂದ ನೋಡಿದ್ದೇನೆ, ನನ್ನ ಅಂಗಳದಲ್ಲೇ ಚಪ್ಪಲಿ ಬಿಟ್ಟು ಹೋದವರು.

ಆಗಿನ್ನೂ ಕಾಗದದ ಮೇಲೆ ಸೀಲು ಒತ್ತುವ ಕಾಲ. ಭದ್ರಾವತಿಯಲ್ಲಿ ನಮ್ಮದೊಂದು ಬೀದಿ, ನನ್ನ ಮನೆಗೂ ತಮ್ಮನ ಮನೆಗೂ ಒಂದೇ ಗೋಡೆ. ತಮ್ಮ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಿಷನ್ನಿನ ಮುಂದೆ ನಿಲ್ಲುವವನು. ಕಬ್ಬಿಣ ಕಡೆಯುವ ಕೆಲಸ, ಮನೆ ನಡೆಯುತ್ತಿತ್ತು, ಎರಡು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು. ಆದರೆ ಊರಿಗೆಲ್ಲ ಅವನು ಗೊತ್ತಿದ್ದದ್ದು ಲೇತ್‌ನಿಂದಲ್ಲ, ನಾಟಕದಿಂದ. ಕಾರ್ಮಿಕರು ಸೇರಿ ಆಡುವ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಅಬ್ಬರಿಸುವ ರಾಜನ ಪಾತ್ರ ಅವನದೇ. ಶಿವಮೊಗ್ಗದಿಂದ ಬಾಡಿಗೆಗೆ ಡ್ರೆಸ್ಸು ತರಿಸಿ, ಮೀಸೆ ಅಂಟಿಸಿಕೊಂಡು ಬಂದು ನಿಂತನೆಂದರೆ ಜನ ಹಾಡಿಗೂ ಒನ್ಸ್ ಮೋರ್, ಮಾತಿಗೂ ಒನ್ಸ್ ಮೋರ್. ಒನ್ಸ್ ಮೋರ್ ಎಂದರೆ ಇವನು ತಿರುಗಿ ಅದನ್ನೇ ಮಾಡಬೇಕು. ಅದು ನಾಟಕದ ಪದ್ಧತಿ. ಯುದ್ಧದಲ್ಲಿ ಸತ್ತು ಬಿದ್ದಿದ್ದರೂ ಎದ್ದು ಹಾಡಿ, ಮತ್ತೆ ಸಾಯಬೇಕು.

ನಗರಸಭೆ ಚುನಾವಣೆ ಬಂತು. ನಾಲ್ಕು ಜನ ಕಿವಿಯೂದಿದರು. "ನಿಮ್ಮ ಹೆಸರು ಹೇಳಿದ್ರೆ ಸಾಕು ಸಾರ್, ಜನ ಸೇರ್ತದೆ." ಜನ ಸೇರುವುದು ನಿಜ. ಇವನು ನಿಂತ.

ವರ್ಕ್‌ಶಾಪಿನ ಯಜಮಾನ ಕೆಟ್ಟವನಲ್ಲ, ಆದರೆ ಕಡ್ಡಿ ಮುರಿದಂತೆ ಹೇಳಿದ್ದ. "ರಜೆ ಕೊಡ್ತೀನಿ. ರಿಸಲ್ಟ್ ಬಂದ ಮರುದಿನ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ನಿನ್ನ ಮಿಷನ್ ಮುಂದೆ ನೀನಿರಬೇಕು. ಇಲ್ಲಾಂದ್ರೆ ಅಲ್ಲಿ ಬೇರೆಯವನು ಇರ್ತಾನೆ."

ತಮ್ಮನ ಹೆಂಡತಿ ಬಂದು ನನ್ನ ಒಲೆಯ ಮುಂದೆ ಕೂತಳು. "ಅತ್ತಿಗೆ, ಗೆದ್ರೆ ಗತ್ತಿಗೆ ಕೆಲಸ ಬಿಡ್ತಾರೆ, ಸೋತ್ರೆ ನಾಚಿಕೆಗೆ ಬಿಡ್ತಾರೆ. ನಾನು ಯಾವ ದೇವರಿಗೆ ಏನಂತ ಕೇಳ್ಕೊಳ್ಲಿ?"

"ಯಾವ ದೇವರನ್ನೂ ಕೇಳ್ಬೇಡ ಮಾರಾಯ್ತಿ. ಅವನ ಊಟದ ಡಬ್ಬಿ ಎಲ್ಲಿದೆ, ಹುಡುಕಿಟ್ಕೋ" ಎಂದೆ.

ಎದುರಾಳಿ ಯಾರೆಂದರೆ ನಮ್ಮ ಬೀದಿ ತಿರುವಿನ ಹಿಟ್ಟಿನ ಗಿರಣಿಯವನು. ಅವನಷ್ಟು ಸಪ್ಪೆ ಮನುಷ್ಯ ಭದ್ರಾವತಿಯಲ್ಲಿ ಇನ್ನೊಬ್ಬನಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಮಾತೇ ಬಿಟ್ಟಿದ್ದ. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಓಟು ಕೇಳಲು ನನ್ನ ಮನೆಗೂ ಬಂದ. ಅಕ್ಕನ ಮನೆಗೇ ಬಂದು ತಮ್ಮನ ವಿರುದ್ಧ ಓಟು ಕೇಳುವವನು ಧೈರ್ಯವಂತ ಇರಬೇಕು ಎಂದುಕೊಂಡೆ. ಧೈರ್ಯವೂ ಅಲ್ಲ, ಸಾಲಾಗಿ ಮನೆ ಹತ್ತುತ್ತಾ ಬಂದಿದ್ದ, ನಡುವೆ ಒಂದು ಮನೆ ಬಿಡುವುದು ತೋಚಿರಲಿಲ್ಲ.

"ನಾನೂ ನಿಂತಿದೀನಿ ಅಕ್ಕ" ಎಂದ.

"ಗೊತ್ತು. ಗೆದ್ರೆ ಏನು ಮಾಡ್ತೀಯಪ್ಪ?"

ಸ್ವಲ್ಪ ಹೊತ್ತು ಯೋಚಿಸಿದ. "ನೋಡಾಣ" ಎಂದ. ಕಾಫಿ ಕುಡಿದು ಹೋದ.

ಅತ್ತ ತಮ್ಮನ ಪ್ರಚಾರ ಜಾತ್ರೆಯಂತೆ ಸಾಗಿತು. ತೆರೆದ ಜೀಪು, ಮೈಕು, ಹಾರ್ಮೋನಿಯಂ. ಸಂಜೆಯಾದರೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಅಷ್ಟೂ ಜನಕ್ಕೆ ಮಂಡಕ್ಕಿ ಕಲಸಿಕೊಡುವುದು ನಾನು ಮತ್ತು ತಮ್ಮನ ಹೆಂಡತಿ. ಒಂದು ದಿನ ಮೊರ ಹಿಡಿದುಕೊಂಡೇ ಕೇಳಿದೆ, "ನೀವೆಲ್ಲ ಯಾವ ಕಡೆಯವರಪ್ಪ?"

ಒಬ್ಬ ಶಿವಮೊಗ್ಗದ ರವೀಂದ್ರನಗರ ಎಂದ. ಇನ್ನೊಂದು ಗುಂಪು ಗಾಜನೂರಿನಿಂದ ಟೆಂಪೊ ಮಾಡಿಕೊಂಡು ಬಂದಿತ್ತು. "ಅಣ್ಣಾವ್ರ ಮಾತು ಕೇಳೋದಕ್ಕೆ ಎಷ್ಟು ದೂರ ಆದ್ರೂ ಬರ್ತೀವಿ ಅಮ್ಮ" ಎಂದರು.

ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದೆ. "ಲೇ, ಗಾಜನೂರಿನವ್ರು ಇಲ್ಲಿ ಓಟು ಹೆಂಗೋ ಹಾಕ್ತಾರೆ?"

"ನಿಂಗೆ ಗೊತ್ತಾಗಲ್ಲ ಸುಮ್ನಿರಕ್ಕ. ಇದಕ್ಕೆ ಅಲೆ ಅಂತಾರೆ."

"ಅಲೆ ಗಾಜನೂರಲ್ಲೇ ಇರ್ಲಿ ಮಾರಾಯ. ನಮ್ಮ ಬೀದಿ ಹೆಂಗಸ್ರು ಒಬ್ರಾದ್ರೂ ಬಂದಿದಾರಾ ನಿನ್ನ ಮಾತು ಕೇಳೋಕೆ?"

ಬಂದಿರಲಿಲ್ಲ. ಅವರು ಬಾಗಿಲು ಹಾಕಿಕೊಂಡು ಒಳಗಿದ್ದರು, ಮೈಕಿನ ಸದ್ದಿಗೆ ಕೂಸುಗಳು ಮಲಗುತ್ತಿರಲಿಲ್ಲ. ಹೊತ್ತು ಸಿಕ್ಕಾಗ ಅವರು ಹೋಗುತ್ತಿದ್ದದ್ದು ಗಿರಣಿಗೆ. ನಮ್ಮ ಮನೆಗೆ ಮಾತ್ರ ಗಿರಣಿ ನಿಷಿದ್ಧವಾಗಿತ್ತು. ಶತ್ರುವಿನ ಹಿಟ್ಟು ತಿನ್ನುವುದು ಅವಮಾನ ಎಂದು ತಮ್ಮ ಅಪ್ಪಣೆ ಹೊರಡಿಸಿದ್ದ. ಹೊಳೆ ಆಚೆ ಇನ್ನೊಂದು ಗಿರಣಿಗೆ ಅಷ್ಟು ದೂರ ರಾಗಿ ಹೊರಲು ನನ್ನ ಸೊಂಟ ಒಪ್ಪಲಿಲ್ಲ. ಇದ್ದ ಹಿಟ್ಟು ತೀರುವವರೆಗೆ ಮುದ್ದೆ, ಆಮೇಲೆ ಬರೀ ಅನ್ನ.

ಪ್ರಚಾರದ ಕೊನೆಯ ದಿನ ಬೆಳಿಗ್ಗೆ ಗಿರಣಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ನಮ್ಮ ಬೀದಿಯಲ್ಲಿ ಗಿರಣಿ ಹೊತ್ತಲ್ಲದ ಹೊತ್ತಿನಲ್ಲಿ ನಿಂತರೆ ಕರೆಂಟು ಹೋಗಿರಬೇಕು, ಇಲ್ಲ ಯಾರೋ ಹೋಗಿರಬೇಕು. ಹೆಣ ಎತ್ತುವವರೆಗೆ ಅವನು ಕಲ್ಲು ತಿರುಗಿಸುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಮೊದಲಿನಿಂದ ಹಾಗೆ. ಲೈಟು ಹಾಕಿ ನೋಡಿದೆ, ಕರೆಂಟಿತ್ತು. ಸೆರಗು ಹೊದ್ದು ಹೊರಗೆ ಬಂದೆ.

ಹೋದವಳು ಕೊನೆಮನೆಯ ತಮಿಳು ಅಜ್ಜಿ. ಹೆಂಗಸರೆಲ್ಲ ಸುತ್ತ ಕೂತಿದ್ದೆವು. ಅಳುವವರು ಅಳುತ್ತಿದ್ದರು. ಗಿರಣಿಯವನು ಗೋಡೆಗೆ ಒರಗಿ ನಿಂತಿದ್ದ. ಅಷ್ಟರಲ್ಲಿ ಬೀದಿ ತಿರುವಿನಲ್ಲಿ ನನ್ನ ತಮ್ಮನ ಜೀಪು ಬಂತು, ಹಾರ್ಮೋನಿಯಂ ಸಮೇತ, ಹಿಂದೆ ಟೆಂಪೊದ ಹುಡುಗರು ಜೈಕಾರ ಹಾಕುತ್ತಾ.

ಸಾವಿನ ಮನೆ ಮುಂದೆ ಹಾಕಿದ್ದ ಚಪ್ಪರ ಕಂಡು ಜೀಪು ನಿಂತಿತು. ಅಲ್ಲಿಗೆ ಹಿಂದಕ್ಕೆ ತಿರುಗಿಸಿಕೊಂಡು ಹೋಗಿದ್ದರೂ ನಡೆಯುತ್ತಿತ್ತು. ಇವನು ಹೋಗುವವನಲ್ಲ. ಎದುರಿಗೆ ಜನ ಕೂತಿದ್ದಾರೆ, ಕೈಯಲ್ಲಿ ಮೈಕಿದೆ.

"ತಾಯೀ!" ಎಂದು ಒಂದು ಕೂಗು ಹಾಕಿದ. ಮಡಿಲಲ್ಲಿದ್ದ ಮಗುವೊಂದು ಬೆಚ್ಚಿ ಅತ್ತಿತು. ಆಮೇಲೆ ನಾಟಕದ ಕನ್ನಡದಲ್ಲಿ ಶುರು ಮಾಡಿದ. ಈ ಬೀದಿಯ ದೀಪವೇ ನಂದಿತು, ಈ ಮಣ್ಣು ತಾಯಿಯನ್ನು ಕಳೆದುಕೊಂಡಿತು, ಇನ್ನು ನಾವು ಯಾರ ಮುಖ ನೋಡಿ ಬಾಳುವುದು. ಅಜ್ಜಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಅದು ಬೇರೆ ವಿಷಯ. ತಮ್ಮನ ಕಣ್ಣಲ್ಲಿ ನೀರು ಬಂತು, ಸುಳ್ಳು ನೀರಲ್ಲ. ನನಗೂ ಎದೆ ಭಾರವಾಯಿತು ಎಂದರೆ ನೋಡಿ. ಕೊನೆಗೆ ಕೈ ಮೇಲೆತ್ತಿ, "ಹೋಗಿ ಬಾ ತಾಯೀ, ಹೋಗಿ ಬಾ!" ಎಂದು ಎಳೆದು ನಿಲ್ಲಿಸಿದ.

ಹಿಂದಿನಿಂದ ಗಾಜನೂರಿನ ಒಬ್ಬ ಶಿಳ್ಳೆ ಹೊಡೆದ. ಇನ್ನೊಬ್ಬ ಕೂಗಿದ, "ಒನ್ಸ್ ಮೋರ್!"

ನನ್ನ ತಮ್ಮ ಕೈ ಇಳಿಸಿದ್ದನಲ್ಲ, ತಿರುಗಿ ಎತ್ತಿದ. "ಹೋಗಿ ಬಾ ತಾಯೀ, ಹೋಗಿ ಬಾ!"

ಅಳುತ್ತಿದ್ದವರೂ ನಿಲ್ಲಿಸಿದರು. ಇವನಿಗೆ ತಾನು ಮಾಡಿದ್ದು ಗೊತ್ತಾದದ್ದು ಆಗಲೇ. ಕೈ ಮೇಲೆಯೇ ಉಳಿಯಿತು. ಅಜ್ಜಿಯ ಮಗಳು ತಲೆಯೆತ್ತಿ ಅವನನ್ನು ನೋಡಿ, ಗಿರಣಿಯವನ ಕಡೆ ತಿರುಗಿ, "ನೀನು ಒಂದು ಮಾತು ಹೇಳಣ್ಣ" ಎಂದಳು.

ಗಿರಣಿಯವನು ಹುಬ್ಬು ಒರೆಸಿಕೊಂಡ. "ಪಾಪ" ಎಂದ. ಮುಗಿಯಿತು. ನಾನು ಕೇಳಿದ ಭಾಷಣಗಳಲ್ಲಿ ಅದೇ ಚಿಕ್ಕದು.

ಓಟಿನ ದಿನ ನಾನು ತಮ್ಮನ ಗುರುತಿಗೇ ಸೀಲು ಒತ್ತಿದೆ. ಒಡಹುಟ್ಟಿದವನು, ಲಾಯಕ್ಕೋ ಅಲ್ಲವೋ ಆಮೇಲಿನ ಮಾತು. ಸಾಲಿನಲ್ಲಿ ನನ್ನ ಹಿಂದೆ ಮುಂದೆ ಇದ್ದ ಹೆಂಗಸರು ಯಾರೂ ನನ್ನ ಮುಖ ನೋಡಲಿಲ್ಲ. ಆಗಲೇ ನನಗೆ ರಿಸಲ್ಟ್ ಗೊತ್ತಾಯಿತು. ಗಿರಣಿಯವನ ಬಗ್ಗೆ ಅವರಿಗೇನೂ ಹುರುಪು ಇರಲಿಲ್ಲ. ಒಲೆ ಮೇಲೆ ಸಾರಿಟ್ಟು ಬಂದಿದ್ದರು, ಸೀಲು ಒತ್ತಿ ಸಾರು ಉಕ್ಕುವ ಮೊದಲು ವಾಪಸು ಹೋದರು. ಹುರುಪಿನವರೆಲ್ಲ ಬೂತಿನ ಹೊರಗೆ ಜೀಪಿನ ಮೇಲೆ ನಿಂತು ಕುಣಿಯುತ್ತಿದ್ದರು. ಅವರಿಗೆ ಓಟಿರಲಿಲ್ಲ.

ಎಣಿಕೆಯ ದಿನ ತಮ್ಮ ನಡೆದುಕೊಂಡೇ ಮನೆಗೆ ಬಂದ. ಜೀಪಿನವನು ಗೆದ್ದವನ ಮೆರವಣಿಗೆಗೆ ಹೋಗಿದ್ದ. ಅದರ ಹಿಂದೆ ಗಾಜನೂರಿನ ಹುಡುಗರೂ ಇದ್ದರು, ಮೆರವಣಿಗೆ ಯಾರದಾದರೇನು. ತಂದಿಟ್ಟಿದ್ದ ಚೆಂಡುಹೂವಿನ ಹಾರವನ್ನು ತಮ್ಮನ ಹೆಂಡತಿ ಬಾಗಿಲಿಗೆ ಕಟ್ಟಿದಳು. ಇವನು ತಲೆತುಂಬ ಹೊದ್ದು ಮಲಗಿ, "ನಾನು ಇನ್ನು ಈ ಬೀದೀಲಿ ತಲೆ ಎತ್ಕಂಡು ಓಡಾಡಲ್ಲ. ಮಾಚೇನಹಳ್ಳಿಗೂ ಹೋಗಲ್ಲ" ಎಂದ.

ಗಿರಣಿಯವನು ಗೆದ್ದು ಏನಾದರೂ ಕಡಿದು ಕಟ್ಟೆ ಹಾಕಿದನೋ ಎಂದರೆ ಅದೂ ಇಲ್ಲ. ನಮ್ಮ ಚರಂಡಿ ಹಾಗೆಯೇ ಇತ್ತು. ಕೇಳಿದರೆ "ನೋಡಾಣ" ಎನ್ನುತ್ತಿದ್ದ. ಮಾತಿಗೆ ತಪ್ಪಿದ ಎನ್ನುವ ಹಾಗೂ ಇರಲಿಲ್ಲ, ಮೊದಲೇ ಅಷ್ಟೇ ಹೇಳಿದ್ದ.

ಎಣಿಕೆಯ ಮರುದಿನ ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ ತಮ್ಮನ ಹೊದಿಕೆ ಎಳೆದೆ.

"ಅಕ್ಕಾ, ಬಸ್‌ಸ್ಟಾಪಿಗೆ ಹೋಗ್ಬೇಕಂದ್ರೆ ಗಿರಣಿ ಮುಂದೇನೇ ಹೋಗ್ಬೇಕು."

"ನಂಗೂ ಅಲ್ಲಿಗೇ ಹೋಗ್ಬೇಕು. ಏಳೋ."

ಅವನ ಹೆಂಡತಿ ಚಿತ್ರಾನ್ನ ಹಾಕಿದ ಡಬ್ಬಿ ತಂದು ಕೈಗಿಟ್ಟಳು. ನಾನು ರಾಗಿ ಡಬ್ಬ ಸೊಂಟದ ಮೇಲೆ ಇಟ್ಟುಕೊಂಡು ಅವನನ್ನು ಮುಂದೆ ಬಿಟ್ಟುಕೊಂಡು ನಡೆದೆ. ಗಿರಣಿಯ ಬಾಗಿಲಲ್ಲಿ ಹೊಸ ಮೆಂಬರು ಬೆಲ್ಟಿಗೆ ಎಣ್ಣೆ ಬಿಡುತ್ತಿದ್ದ. ತಮ್ಮನನ್ನು ನೋಡಿದ, ಡಬ್ಬಿ ನೋಡಿದ. "ಫಸ್ಟ್ ಶಿಫ್ಟಾ?" ಎಂದ. ತಮ್ಮ "ಹ್ಞೂಂ" ಎಂದ.

ಸ್ಟಾಪಿಗೆ ಬಂದು ನಿಂತ ಬಸ್ಸಿನೊಳಗಿನಿಂದ ಯಾರೋ ಒನ್ಸ್ ಮೋರ್ ಎಂದು ಕೂಗಿದರು, ನಾಲ್ಕು ಜನ ನಕ್ಕರು. ತಮ್ಮ ಮೆಟ್ಟಿಲ ಮೇಲೆ ಕಾಲಿಟ್ಟವನು ಇಳಿಯಲು ನೋಡಿದ. ನಾನು ಬೆನ್ನಿಗೆ ಕೈ ಕೊಟ್ಟು ಒಳಗೆ ನೂಕಿದೆ. ಬಸ್ಸು ಹೊರಟ ಮೇಲೆ ಗಿರಣಿಗೆ ಬಂದು ರಾಗಿ ಡಬ್ಬ ಸಾಲಿನಲ್ಲಿಟ್ಟು ಕೂತೆ.